ರೈವಲ್, ಕಾಂಪಿಟಿಟರ್: ಎರಡಕ್ಕೂ ‘ಪ್ರತಿಸ್ಪರ್ಧಿ’ ಸಾಕೇ?

ಗೆಳೆಯರೇ,

ಇಂಗ್ಲಿಷಿನ ಕಾಂಪಿಟಿಟರ್, ರೈವಲ್ ಎರಡಕ್ಕೂ ನಮ್ಮಲ್ಲಿ ‘ಪ್ರತಿಸ್ಪರ್ಧಿ’ ಎಂದೇ ಬರೆಯುವ ರೂಢಿ. ಟೆನಿಸ್ ಕುರಿತ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿರುವ ನನಗೆ ಇದು ದೊಡ್ಡ ತೊಡಕಾಗಿದೆ.

ಕಣಕ್ಕಿಳಿದವರೆಲ್ಲ ಕಾಂಪಿಟಿಟರ್‌ಗಳು. ಮ್ಯಾರಥಾನ್‌ನಲ್ಲಿ ಕಟ್ಟಕಡೆಗೆ ಬಂದವನೂ ಕಾಂಪಿಟಿಟರೇ. ಗೆದ್ದವನ ಮುಖವನ್ನೂ ಅವನು ಕಂಡಿರಲಿಕ್ಕಿಲ್ಲ. ಓಟ ಮುಗಿದರೆ ಅವರಿಬ್ಬರ ನಂಟೂ ಮುಗಿಯಿತು. ರೈವಲ್ ಎನ್ನಬೇಕಾದರೆ ಇಂಥವನೇ ಎಂದು ಬೆರಳಿಟ್ಟು ತೋರಿಸುವಂತಿರಬೇಕು, ಇಬ್ಬರ ನಡುವೆ ಹಳೆಯ ಲೆಕ್ಕವಿರಬೇಕು, ಬಲದಲ್ಲೂ ಹೆಚ್ಚುಕಡಿಮೆ ಸಮನಾಗಿರಬೇಕು. ಟೆನಿಸ್ ಆಟಗಾರ್ತಿಯರಾದ ಕ್ರಿಸ್ ಎವರ್ಟ್, ಮಾರ್ಟಿನಾ ನವ್ರಾಟಿಲೋವಾ 1973ರಿಂದ 1988ರವರೆಗೆ 80 ಸಲ ಎದುರುಬದುರಾದರು. ನವ್ರಾಟಿಲೋವಾ ಗೆದ್ದಿದ್ದು 43, ಎವರ್ಟ್ 37. ಉಳಿದ ಆಟಗಾರ್ತಿಯರು ಇಬ್ಬರಿಗೂ ಕಾಂಪಿಟಿಟರ್‌ಗಳಾದರೆ, ಇವರು ಒಬ್ಬರಿಗೊಬ್ಬರು ರೈವಲ್.

ಇದೇ ಜೋಡಿ 1976ರಲ್ಲಿ ವಿಂಬಲ್ಡನ್ ಡಬಲ್ಸ್ ಪ್ರಶಸ್ತಿಯನ್ನು ಒಟ್ಟಿಗೆ ಆಡಿ ಗೆದ್ದಿತ್ತು. ಆದ್ದರಿಂದ ಕ್ರೀಡಾಪುಟಗಳ ‘ಬದ್ಧವೈರಿ’ಯನ್ನು ನಾನು ಖಂಡಿತ ಒಪ್ಪಲಾರೆ. ವೈರವಿಲ್ಲದೆಯೂ ರೈವಲ್ ಆಗಬಹುದು, ಸಮಬಲವಿಲ್ಲದೆ ಆಗುವುದು ಕಷ್ಟ. ‘ಅನ್‌ರೈವಲ್ಡ್’ ಎಂದರೆ ಸಾಟಿಯಿಲ್ಲದ್ದು ಎಂದು ತಾನೇ ಅರ್ಥ?

ಮೂಲ ನೋಡಿದರೆ ಇನ್ನೂ ಸ್ವಾರಸ್ಯವಿದೆ. ಲ್ಯಾಟಿನ್‌ನಲ್ಲಿ ‘ರಿವುಸ್’ ಎಂದರೆ ತೊರೆ, ಕಾಲುವೆ. ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವ ನೆರೆಹೊರೆಯವರು ‘ರಿವಾಲಿಸ್’. ನೀರಿನ ಸರದಿಗೆ ಜಗಳವಾಡಿದ ಯಾವ ರೈತನಿಗೂ ಈ ಪದವನ್ನು ಬಿಡಿಸಿ ಹೇಳಬೇಕಿಲ್ಲ. ಕಾಂಪಿಟಿಟರ್ ಬಂದದ್ದು ‘ಜೊತೆಗೂಡಿ ಅರಸು’ ಎಂಬರ್ಥದ ಧಾತುವಿನಿಂದ. ಅದರಲ್ಲಿ ನೆರೆಮನೆಯ ಬಿಸಿ ಇಲ್ಲ.

ಭಾರತ–ಪಾಕಿಸ್ತಾನ ಕ್ರಿಕೆಟ್ ಪಂದ್ಯಕ್ಕೆ ನಮ್ಮ ಪತ್ರಿಕೆಗಳು ‘ದಾಯಾದಿಗಳ ಕಾದಾಟ’ ಎನ್ನುತ್ತವಲ್ಲ, ರಿವಾಲಿಸ್‌ಗೆ ಅದಕ್ಕಿಂತ ಹತ್ತಿರದ ಪದ ನನಗೆ ಸಿಕ್ಕಿಲ್ಲ. ದಾಯಾದಿ ಎಂದರೂ ಒಂದೇ ಆಸ್ತಿಯ ಪಾಲುದಾರನೇ. ಸಂಸ್ಕೃತದಲ್ಲಿ ವೈರಿ ಎಂಬರ್ಥದ ‘ಸಪತ್ನ’ವೂ ಹೀಗೆಯೇ, ಸವತಿ ಎಂಬರ್ಥದ ‘ಸಪತ್ನೀ’ಯಿಂದ ಬಂದದ್ದು. ಆದರೆ ದಾಯಾದಿಯ ಬೆನ್ನಿಗೆ ಮತ್ಸರ ಬಂದೇ ಬರುತ್ತದೆ. ಎವರ್ಟ್–ನವ್ರಾಟಿಲೋವಾರಿಗೆ ಅದನ್ನು ಹಚ್ಚಲು ಮನಸ್ಸು ಬರುತ್ತಿಲ್ಲ. ‘ಎದುರಾಳಿ’ ಆ ದಿನದ ಆಟಕ್ಕೆ ಎದುರು ನಿಂತ ಯಾರಿಗಾದರೂ ಸಲ್ಲುವ ಪದ, ಅದು ಆಪೊನೆಂಟ್.

ಸದ್ಯಕ್ಕೆ ಕಾಂಪಿಟಿಟರ್‌ಗೆ ‘ಸ್ಪರ್ಧಿ’ ಎಂದಿಟ್ಟು, ‘ಪ್ರತಿಸ್ಪರ್ಧಿ’ಯನ್ನು ರೈವಲ್‌ಗೆ ಮೀಸಲಿಟ್ಟಿದ್ದೇನೆ. ವ್ಯಾಪಾರದ ಬರಹದಲ್ಲಿ ಇದು ನಿಲ್ಲುವುದಿಲ್ಲ, ಅಲ್ಲಿ ‘ಪ್ರತಿಸ್ಪರ್ಧಿ ಕಂಪನಿ’ ಎಂದರೆ ಬರೀ ಕಾಂಪಿಟಿಟರ್ ಎಂಬರ್ಥ ಆಗಲೇ ಬೇರೂರಿದೆ. ಮೈಸೂರು ದಸರಾ ಕುಸ್ತಿಯಲ್ಲಿ ಸಮಬಲರನ್ನು ನೋಡಿ ‘ಜೋಡಿ ಕಟ್ಟುತ್ತಾರೆ’. ಆ ‘ಜೋಡಿ’ಯಿಂದ ಏನಾದರೂ ಹುಟ್ಟಬಹುದೇ? ‘ಸರಿಜೋಡಿ’ ಎಂದರೆ ಓದುಗರು ಗಂಡಹೆಂಡತಿ ಎಂದುಕೊಂಡಾರು ಎಂಬ ಅಳುಕು ನನಗೆ. ಗರಡಿಯ ಒಡನಾಟ ಇರುವವರು, ಕಂಬಳದ ಸೀಮೆಯವರು ಹೇಳಿ: ವರ್ಷವರ್ಷವೂ ಒಬ್ಬರನ್ನೊಬ್ಬರು ಎದುರಿಸುತ್ತ, ಕಣದ ಹೊರಗೆ ಒಟ್ಟಿಗೆ ಕೂತು ಉಣ್ಣುವ ಇಬ್ಬರಿಗೆ ನಿಮ್ಮ ಕಡೆ ಏನೆನ್ನುತ್ತಾರೆ?