ಹೊಂಗೆ ಬೇಗ ಚಿಗುರಿದೆ: ಬೆಂಡೆ, ಹೀರೆ ಬೀಜ ಈಗಲೇ ಹಾಕಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು)
ನಮಸ್ಕಾರ. ಇನ್ನೂ ಫೆಬ್ರವರಿಯ ಮೊದಲ ವಾರ. ಆದರೂ ನಮ್ಮ ರಸ್ತೆಯ ಹೊಂಗೆ ಮರಗಳು ಹಳೆಯ ಎಲೆಯನ್ನೆಲ್ಲ ಉದುರಿಸಿ ತಿಳಿಹಸಿರು ಚಿಗುರು ಹೊತ್ತಿವೆ, ಅಂಗಳದ ಬಾದಾಮಿ ಮಾವು ಮೈತುಂಬ ಹೂ ಬಿಟ್ಟಿದೆ, ನಾಲ್ಕು ದಿನಗಳಿಂದ ಬೆಳಗಿನ ಜಾವದಲ್ಲಿ ಕೋಗಿಲೆಯೂ ಕೂಗುತ್ತಿದೆ. ಶಿವರಾತ್ರಿ ಕಳೆದು ಚಳಿ ಹೋಗುವವರೆಗೆ ಬೀಜ ಮುಟ್ಟಬಾರದೆಂದು ನಮ್ಮ ತಾಯಿಯವರು ಹೇಳುತ್ತಿದ್ದರು. ಹಿತ್ತಲಿನ ಮಡಿಯಲ್ಲಿ ಬೆಂಡೆ, ಹೀರೆ ಹಾಕಲು ನಾನೂ ಕಾಯಬೇಕೇ? ಮಲ್ಲಿಗೆಯನ್ನು ಈಗ ಸವರಬಹುದೇ?

ಉತ್ತರ (ಪಾಂಡವಪುರ)
ಮರದ ಚಿಗುರನ್ನು ನೋಡಿ ಮಡಿಯ ಹದವನ್ನು ನಿರ್ಧರಿಸಬೇಡಿ. ಹೊಂಗೆಯ ಬೇರು ಆಳದ ತೇವವನ್ನು ಹೀರಿ ಚಿಗುರುತ್ತದೆ. ಬೆಂಡೆಯ ಬೀಜ ಕೂರುವುದು ಅಂಗುಲದಷ್ಟು ಮೇಲ್ಮಣ್ಣಿನಲ್ಲಿ, ರಾತ್ರಿಯ ಚಳಿಗೆ ಮೊದಲು ತಣಿಯುವುದೂ ಅದೇ ಮಣ್ಣು. ಮಣ್ಣಿನ ಉಷ್ಣತೆ 20 ಡಿಗ್ರಿಗಿಂತ ಕೆಳಗಿದ್ದರೆ ಬೆಂಡೆ ಸರಿಯಾಗಿ ಮೊಳೆಯುವುದಿಲ್ಲ. ಕಳೆದ ವರ್ಷ ನಾನು ಸಂಕ್ರಾಂತಿ ಮುಗಿದ ಕೂಡಲೇ ಆತುರಪಟ್ಟು ಹಾಕಿದ ಬೀಜದಲ್ಲಿ ಅರ್ಧಕ್ಕರ್ಧ ಕೊಳೆತುಹೋಯಿತು. ಬೆಳಿಗ್ಗೆ ಏಳು ಗಂಟೆಗೆ ಮಣ್ಣಿನೊಳಗೆ ಬೆರಳಿಟ್ಟು ನೋಡಿ. ಕೊರೆಯದಿದ್ದರೆ ಬೀಜವನ್ನು ರಾತ್ರಿ ನೆನೆಹಾಕಿ ಮರುದಿನ ಬಿತ್ತಿ. ಹಾಗೆಂದು ತುಂಬ ತಡಮಾಡುವುದೂ ಬೇಡ: ಬೆಂಡೆ 45–50 ದಿನಗಳಿಗೆ ಕಾಯಿ ಕೊಡುವುದರಿಂದ, ಈ ತಿಂಗಳ ನಡುವೆ ಬಿತ್ತಿದರೆ ಏಪ್ರಿಲ್ ಮೊದಲ ವಾರಕ್ಕೆ, ಬಾವಿ ಬೋರುಗಳಲ್ಲಿ ನೀರು ಇಳಿಯುವ ಮೊದಲೇ, ಕುಯ್ಯಲು ತೊಡಗಬಹುದು. ರಸ್ತೆಗೆ ಉದುರಿದ ಹೊಂಗೆ ಎಲೆಯನ್ನು ದಯವಿಟ್ಟು ಯಾರೂ ಸುಡದಿರಲಿ. ಸಸಿಗೆ ನಾಲ್ಕೆಲೆ ಬಂದ ಮೇಲೆ ಬುಡದ ಸುತ್ತ ಹೊದಿಸಿದರೆ ನೀರು ಬಹಳ ಉಳಿಯುತ್ತದೆ.

ಉತ್ತರ (ಸರಸ್ವತಿಪುರಂ, ಮೈಸೂರು)
ಬೀಜದ ಬಗ್ಗೆ ಮೇಲಿನವರು ಹೇಳಿರುವುದು ಸರಿ. ಮಲ್ಲಿಗೆಯ ಮಾತು ಬೇರೆ. ಅದರ ಮೊಗ್ಗು ಹೊಸ ಕುಡಿಗಳಲ್ಲೇ ಬರುವುದರಿಂದ, ಚಿಗುರು ಹೊರಟಿರುವ ರೆಂಬೆಗಳನ್ನು ಈಗ ಕತ್ತರಿಸಿದರೆ ಬೇಸಿಗೆಯ ಮೊದಲ ಹೂವು ಹಿಂದೆ ಬೀಳುತ್ತದೆ. ಒಣಕಡ್ಡಿಗಳನ್ನು ಮಾತ್ರ ತೆಗೆದು, ಬುಡ ಸಡಿಲಿಸಿ, ಕಳಿತ ಕೊಟ್ಟಿಗೆ ಗೊಬ್ಬರ ಕೊಡಿ. ನೀವು ಕೇಳದಿದ್ದರೂ ಮಾವಿನ ವಿಷಯ ಹೇಳಬೇಕೆನಿಸಿತು: ಎಲೆಗಳ ಮೇಲೆ ಅಂಟು ಕಂಡರೆ ಅದು ಜಿಗಿಹುಳುವಿನ ಗುರುತು, ಆದರೆ ಹೂವು ಪೂರ್ತಿ ಅರಳಿರುವಾಗ ಔಷಧಿ ಹೊಡೆದರೆ ಪರಾಗಸ್ಪರ್ಶಕ್ಕೆ ಬರುವ ನೊಣ, ಜೇನುಗಳೇ ಸಾಯುತ್ತವೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಇಂದು ಬೆಳಿಗ್ಗೆ ಬೆರಳಿಟ್ಟು ನೋಡಿದೆ. ನಡುಮಡಿ ಕೊರೆಯುತ್ತಿತ್ತು, ಬಿಸಿಲು ತಾಗುವ ಗೋಡೆಯ ಪಕ್ಕದ ಮಣ್ಣು ಮಾತ್ರ ಬೆಚ್ಚಗಿತ್ತು. ಹೀರೆಯನ್ನು ಅಲ್ಲಿ ನಾಲ್ಕು ಗುಣಿಗಳಲ್ಲಿ ಹಾಕಿ, ಬೆಂಡೆಗೆ ಇನ್ನೊಂದು ವಾರ ಕಾಯುತ್ತೇನೆ.