ವಾರ್ಡ್ ಪಾರ್ಕ್ ನವೀಕರಣ: ಎಸ್ಟಿಮೇಟಿನಲ್ಲಿ ಏನೇನು ಬರೆಸಬೇಕು?

ಪ್ರಶ್ನೆ (ಬೇಲಿಹೂ):
ಅರ್ಧ ಎಕರೆಯ ಪಾರ್ಕ್. ಪಾಲಿಕೆಯ ಎಸ್ಟಿಮೇಟ್ ಇನ್ನೂ ಅಂತಿಮವಾಗಿಲ್ಲ, ಸಲಹೆ ಕೊಡಲು ಎರಡು ವಾರ ಇದೆ. ಈಗಿರುವುದು: ಸುತ್ತು ಗೇಟು (ಒಬ್ಬೊಬ್ಬರೇ ಸುತ್ತಿ ಹೋಗುವಂಥದ್ದು), ಅದರಾಚೆ ಮೂರು ಮೆಟ್ಟಿಲು (ಒಟ್ಟು ಎತ್ತರ 450 ಮಿ.ಮೀ.), ಬೆಂಚುಗಳ ಆಸನದ ನಡುವೆ ಕಬ್ಬಿಣದ ಅಡ್ಡಪಟ್ಟಿ, ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಬೀಗ. ಗಾಲಿಕುರ್ಚಿಯವರು, ಮನೆಗೆಲಸದ ಹೆಂಗಸರು, ಡೆಲಿವರಿ ಹುಡುಗರು ಯಾರೂ ಬರುವ ಹಾಗಿಲ್ಲ. ಮೊದಲು ಯಾವುದಕ್ಕೆ ಪಟ್ಟು ಹಿಡಿಯಬೇಕು?

ಉತ್ತರ (ಮಟ್ಟಗೋಲು):
ಮೊದಲು ಗೇಟು. ಬೈಕ್ ನುಗ್ಗುತ್ತದೆ ಎಂಬ ಭಯಕ್ಕೆ ಸುತ್ತು ಗೇಟು ಹಾಕುತ್ತಾರೆ. ಭಯವೇನೋ ನಿಜವೇ, 900 ಮಿ.ಮೀ. ಸಂದು ಬಿಟ್ಟರೆ ಗಾಲಿಕುರ್ಚಿಯ ಹಿಂದೆಯೇ ಸ್ಕೂಟರೂ ಬರುತ್ತದೆ. ಆದರೆ ಸ್ಕೂಟರಿನ ಉದ್ದ ಸುಮಾರು 1.8 ಮೀಟರ್, ಗಾಲಿಕುರ್ಚಿಯದು 1.2 ಮೀಟರಿನೊಳಗೆ. ಆದ್ದರಿಂದ ಸಂದು ದಾಟಿದ ಕೂಡಲೇ 1500 × 1500 ಮಿ.ಮೀ. ಚೌಕ ಬಿಟ್ಟು, ದಾರಿಯನ್ನು ಅಲ್ಲಿಂದ ಪಕ್ಕಕ್ಕೆ ತಿರುಗಿಸಿ. ಕುರ್ಚಿ ಸಲೀಸಾಗಿ ತಿರುಗುತ್ತದೆ, ಸ್ಕೂಟರ್ ತಿರುಗಲು ಹೆಣಗಬೇಕು. ದನ ತಡೆಯಲು ನೆಲಕ್ಕೆ ಕೊಳವೆ ಜಾಲರಿ ಹಾಕಿಸಬೇಡಿ, ಕುರ್ಚಿಯ ಮುಂದಿನ ಚಿಕ್ಕ ಚಕ್ರವೂ ಊರುಗೋಲೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ.

ಇನ್ನು ರ‍್ಯಾಂಪ್. 1:12 ಇಳಿಜಾರು (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ಎಂದರೆ ನಿಮ್ಮ 450 ಮಿ.ಮೀ.ಗೆ 5.4 ಮೀಟರ್ ಉದ್ದ ಬೇಕು. ಎಸ್ಟಿಮೇಟಿನಲ್ಲಿ ಬರೀ ‘ರ‍್ಯಾಂಪ್’ ಎಂದಿದ್ದರೆ ಗುತ್ತಿಗೆದಾರರು ಮೆಟ್ಟಿಲ ಮೇಲೇ ಕಾಂಕ್ರೀಟ್ ಸುರಿದು ಎರಡೂವರೆ ಮೀಟರಿನಲ್ಲಿ ಮುಗಿಸುತ್ತಾರೆ. ಹಾಗೆ ಕಟ್ಟಿದ್ದನ್ನು ಒಬ್ಬರೇ ಏರಲಾಗದು, ಇಳಿಯುವುದಂತೂ ಅಪಾಯ. ಇಳಿಜಾರು, ಉದ್ದ, ಅಗಲ (ಕನಿಷ್ಠ 1200 ಮಿ.ಮೀ.), ಮೇಲೂ ಕೆಳಗೂ 1500 ಮಿ.ಮೀ. ಸಮತಟ್ಟು, ಎರಡೂ ಬದಿ ಸುಮಾರು 750 ಮತ್ತು 900 ಮಿ.ಮೀ. ಎತ್ತರಕ್ಕೆ ಎರಡೆರಡು ಕೈಕಂಬಿ: ಎಲ್ಲವನ್ನೂ ಅಂಕಿಯಲ್ಲೇ ಬರೆಸಿ. ಪಾಲಿಶ್ ಗ್ರಾನೈಟ್ ಬೇಡ, ಮಳೆಗಾಲದಲ್ಲಿ ಜಾರುತ್ತದೆ. ಹಸಿ ಕಾಂಕ್ರೀಟಿನ ಮೇಲೆ ಅಡ್ಡಕ್ಕೆ ಪೊರಕೆ ಎಳೆದ ಗೀರು ಸಾಕು, ಅಗ್ಗವೂ ಹೌದು.

ಉತ್ತರ (ಮಧ್ಯಾಹ್ನದ ನೆರಳು):
ರ‍್ಯಾಂಪಿಗೆ ಹಣ ಬೇಕು, ಬೀಗ ತೆಗೆಯಲು ಬೇಡ. 10ರಿಂದ 4 ಮುಚ್ಚಿದರೆ ವಾಕಿಂಗ್‌ನವರಿಗೆ ನಷ್ಟವೇನಿಲ್ಲ. ಎರಡು ಮನೆಗಳ ಕೆಲಸದ ನಡುವೆ ಹೆಂಗಸರಿಗೆ ಬಿಡುವು ಸಿಗುವುದೇ ಆ ಹೊತ್ತಿನಲ್ಲಿ. ಬೆಂಗಳೂರಿನ ಪಾಲಿಕೆ ಪಾರ್ಕುಗಳ ಸಮಯವನ್ನು 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಮಾಡಿದ್ದಾರೆ, ಮನವಿಯಲ್ಲಿ ಅದನ್ನೇ ಉದಾಹರಿಸಿ.

ಬೆಂಚಿನ ಅಡ್ಡಪಟ್ಟಿ ಮಲಗುವವರನ್ನು ಓಡಿಸಲೆಂದೇ ಇಟ್ಟದ್ದು, ತೆಗೆಸಿ. ಕೈ ಊರಿ ಏಳಲು ವಯಸ್ಸಾದವರಿಗೆ ತುದಿಯಲ್ಲೊಂದು ತೋಳು ಇದ್ದರಾಯಿತು. ಆಸನ ನೆಲದಿಂದ 450 ಮಿ.ಮೀ. ಇರಲಿ, ಪಕ್ಕದಲ್ಲಿ ಗಾಲಿಕುರ್ಚಿಗೆ 900 × 1200 ಮಿ.ಮೀ. ಗಟ್ಟಿ ನೆಲ ಬಿಡಿಸಿ. ದೀಪ ಕೊಂಬೆಗಳಿಗಿಂತ ಕೆಳಗಿರಬೇಕು. ಹೈಮಾಸ್ಟ್ (ತೀರಾ ಎತ್ತರದ ಕಂಬದ ದೀಪ) ಹಾಕಿದರೆ ಮರದ ನೆತ್ತಿಗೆ ಬೆಳಕು, ದಾರಿಗೆ ಕತ್ತಲೆ. ಕಾಂಪೌಂಡ್ ಅರ್ಧ ಮೀಟರಿನ ಮೇಲೆ ಗ್ರಿಲ್ ಆಗಲಿ. ರಸ್ತೆಯಿಂದ ಒಳಗೆ ಕಾಣುವ ಪಾರ್ಕಿಗೆ ಹೆಂಗಸರು ಸಂಜೆಯೂ ಬರುತ್ತಾರೆ. ನೀರು, ಶೌಚಾಲಯ ಇಲ್ಲದಿದ್ದರೆ ಇಡೀ ದಿನ ಹೊರಗಿರುವವರು ಹೆಚ್ಚು ಹೊತ್ತು ಕೂರಲಾರರು.

ಪ್ರಶ್ನೆ (ಬೇಲಿಹೂ):
ಬೀಗ ತೆಗೆದರೆ ‘ಹೊರಗಿನವರು’ ಬರುತ್ತಾರೆಂದು ನಿವಾಸಿಗಳ ಸಂಘದ ತಕರಾರು. ಮಕ್ಕಳ ಆಟದ ಜಾಗದ ಬಗ್ಗೆಯೂ ಹೇಳಿ.

ಉತ್ತರ (ಮರಳುಮೇಜು):
ಬಡಾವಣೆಗೆ ಮಂಜೂರಾತಿ ಸಿಗುವಾಗಲೇ ಪಾರ್ಕಿನ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡಬೇಕು. ಹಾಗೆ ಬಿಟ್ಟ ಜಾಗ ಸಾರ್ವಜನಿಕರದ್ದು. ಸಂಘ ನಿರ್ವಹಣೆ ವಹಿಸಿಕೊಂಡಿರಬಹುದು, ಅಷ್ಟಕ್ಕೇ ಮಾಲೀಕತ್ವ ಬರುವುದಿಲ್ಲ. ಬಿಟ್ಟುಕೊಟ್ಟ ಪತ್ರದ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಪಡೆದು ಸಭೆಗೆ ಒಯ್ಯಿರಿ.

ಆಟದ ಜಾಗಕ್ಕೆ ಬೆಂಗಳೂರಿನ ಕೋಲ್ಸ್ ಪಾರ್ಕ್ ನೋಡಿ ಬನ್ನಿ. ಅಂಗವೈಕಲ್ಯವಿರುವ ಮಕ್ಕಳ ಪೋಷಕರು ಕಟ್ಟಿದ ಕಿಲಿಕಿಲಿ ಸಂಸ್ಥೆ ಅಲ್ಲಿ ಪಾಲಿಕೆಯ ಜತೆ ಕೆಲಸ ಮಾಡಿದೆ. ಅಂಥ ಮಕ್ಕಳಿಗೆ ಬೇರೆ ಮೂಲೆ ಮಾಡಬೇಡಿ. ಸಾಲಿನಲ್ಲೇ ಒಂದು ಉಯ್ಯಾಲೆಗೆ ಬೆನ್ನೊರಗು, ಬೆಲ್ಟ್ ಇರಲಿ. ಮರಳಾಟಕ್ಕೆಂದು ಎತ್ತರದಲ್ಲಿಟ್ಟ ಮರಳು ಮೇಜಿನ ಕೆಳಗೆ 700 ಮಿ.ಮೀ. ಖಾಲಿ ಬಿಟ್ಟರೆ ಕುರ್ಚಿಯಲ್ಲಿರುವ ಮಗುವಿನ ಮೊಣಕಾಲು ಒಳಗೆ ಹೋಗುತ್ತದೆ. ಅಲ್ಲಿಗೆ ಹೋಗುವ ದಾರಿ ಮರಳಾಗಿದ್ದರೆ ಚಕ್ರ ಹೂತುಹೋಗುತ್ತದೆ, ಗಟ್ಟಿ ನೆಲವನ್ನು ಮೇಜಿನವರೆಗೂ ಎಳೆಯಿರಿ.

ಮನವಿಯಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಸಾರ್ವತ್ರಿಕ ಪ್ರವೇಶ ಮಾರ್ಗಸೂಚಿ ಎರಡನ್ನೂ ಹೆಸರಿಸಿ. ಗುತ್ತಿಗೆದಾರರ ಬಿಲ್ ಪಾಸಾಗುವ ಮುನ್ನ ಗಾಲಿಕುರ್ಚಿ ಬಳಸುವವರೊಬ್ಬರ ಜತೆ ಜಂಟಿ ಪರಿಶೀಲನೆ ನಡೆಸಬೇಕೆಂಬ ಕೋರಿಕೆಯನ್ನೂ ಸೇರಿಸಿ. ಹಣ ಕೈಬಿಟ್ಟ ಮೇಲೆ ತಪ್ಪು ಇಳಿಜಾರನ್ನು ಒಡೆದು ಕಟ್ಟಲು ಯಾರೂ ಬರುವುದಿಲ್ಲ.