ಲಕ್ಷಣವೇ ಇಲ್ಲದ ರಕ್ತದೊತ್ತಡಕ್ಕೆ ಮಾತ್ರೆ ಏಕೆ ಎಂದು ಮೊದಲು ತೋರಿಸಿಕೊಟ್ಟವರು ಯಾರು?

ಪ್ರಶ್ನೆ (ಕಡಿಯಾಳಿ, ಉಡುಪಿ):
ನನ್ನ ತಂದೆಯವರಿಗೆ 62 ವರ್ಷ. ಅಳೆದಾಗಲೆಲ್ಲ ರಕ್ತದೊತ್ತಡ 160/100ರ ಆಸುಪಾಸಿನಲ್ಲಿರುತ್ತದೆ. ತಲೆನೋವಿಲ್ಲ, ತಲೆಸುತ್ತಿಲ್ಲ, ತೋಟದ ಕೆಲಸವೂ ಎಂದಿನಂತೆ ನಡೆದಿದೆ. ಆರೋಗ್ಯವಾಗಿರುವವನು ಜೀವಮಾನವಿಡೀ ಮಾತ್ರೆ ಏಕೆ ನುಂಗಬೇಕು, ಬೇಕೆಂದರೆ ಸರ್ಪಗಂಧದ ಬೇರು ಇದೆಯಲ್ಲ ಎಂಬುದು ಅವರ ವಾದ. ವೈದ್ಯರ ಸಲಹೆಯ ಹಿಂದಿರುವ ಸಂಶೋಧನೆ ಯಾವುದೆಂದು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ನಿವೃತ್ತ ಔಷಧಶಾಸ್ತ್ರ ಅಧ್ಯಾಪಕ, ಮಣಿಪಾಲ):
ಮಾನ್ಯರೇ, ಇದೇ ಪ್ರಶ್ನೆಯನ್ನು 1960ರ ದಶಕದವರೆಗೂ ಅನೇಕ ವೈದ್ಯರೇ ಕೇಳುತ್ತಿದ್ದರು. ಗಡುಸಾದ ಧಮನಿಗಳ ಮೂಲಕ ಅಂಗಾಂಗಗಳಿಗೆ ರಕ್ತ ತಲುಪಬೇಕಾದರೆ ಹೆಚ್ಚಿನ ಒತ್ತಡ ಇರಲೇಬೇಕು, ಅದನ್ನು ಇಳಿಸಿದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದೆ ಹೋದೀತು ಎಂಬ ಅಂಜಿಕೆ ಅವರಲ್ಲಿತ್ತು. ಅದಕ್ಕೆ ಅಂಕಿಅಂಶಗಳಿಂದಲೇ ಉತ್ತರ ಕೊಟ್ಟವರು ವಾಷಿಂಗ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಯ ಎಡ್ವರ್ಡ್ ಫ್ರೀಸ್ (1912–2005). ಪೆಂಟಾಕ್ವಿನ್ ಎಂಬ ಮಲೇರಿಯಾ ಔಷಧವು ರಕ್ತದೊತ್ತಡವನ್ನೂ ಇಳಿಸುವುದನ್ನು 1940ರ ದಶಕದಲ್ಲಿ ಗಮನಿಸಿದ ಅವರು ಮುಂದೆ ತಮ್ಮ ವೃತ್ತಿಜೀವನವನ್ನು ಈ ಒಂದು ಕಾಯಿಲೆಗೇ ಮೀಸಲಿಟ್ಟರು.

ಅವರ ನೇತೃತ್ವದಲ್ಲಿ ಹಲವು ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನದ ಮೊದಲ ಭಾಗ 1967ರಲ್ಲಿ ಪ್ರಕಟವಾಯಿತು. ಕೆಳಗಿನ ಒತ್ತಡ (160/100 ಎಂಬಲ್ಲಿ 100) 115ರಿಂದ 129ರಷ್ಟಿದ್ದ 143 ಪುರುಷರಲ್ಲಿ 73 ಮಂದಿಗೆ ನಿಜವಾದ ಔಷಧ, 70 ಮಂದಿಗೆ ಔಷಧವಿಲ್ಲದ ಹುಸಿಮಾತ್ರೆ. ಗಂಭೀರ ತೊಡಕುಗಳು ಕಾಣಿಸಿಕೊಂಡದ್ದು ಹುಸಿಮಾತ್ರೆಯ ಗುಂಪಿನಲ್ಲಿ 27, ಔಷಧದ ಗುಂಪಿನಲ್ಲಿ ಕೇವಲ 2. ಕೆಳಗಿನ ಒತ್ತಡ 90ರಿಂದ 114ರಷ್ಟಿದ್ದ 380 ಪುರುಷರ ಫಲಿತಾಂಶ 1970ರಲ್ಲಿ ಬಂತು. ಅವರಲ್ಲಿ ಐದು ವರ್ಷಗಳೊಳಗೆ ತೊಡಕು ಉಂಟಾಗುವ ಸಂಭವ ಶೇ. 55ರಿಂದ ಶೇ. 18ಕ್ಕೆ ಇಳಿದಿತ್ತು. ಮಾತ್ರೆಯಲ್ಲಿ ರೈಬೋಫ್ಲೇವಿನ್ ಎಂಬ ಜೀವಸತ್ವ ಬೆರೆಸಿ, ಮೂತ್ರದಲ್ಲಿ ಅದರ ಗುರುತು ಹುಡುಕಿ, ಸರಿಯಾಗಿ ನುಂಗದವರನ್ನು ಆರಂಭದಲ್ಲೇ ಕೈಬಿಟ್ಟಿದ್ದರೆಂಬುದನ್ನು ತಂದೆಯವರಿಗೆ ತಪ್ಪದೆ ಹೇಳಿ: ಇದು ನಿತ್ಯ ಮಾತ್ರೆ ತೆಗೆದುಕೊಂಡವರಿಗೆ ದೊರೆತ ಫಲ. ಈ ಕೆಲಸಕ್ಕಾಗಿ ಫ್ರೀಸ್ ಅವರಿಗೆ 1971ರಲ್ಲಿ ಅಮೆರಿಕದ ಪ್ರತಿಷ್ಠಿತ ವೈದ್ಯಕೀಯ ಗೌರವವಾದ ಲಾಸ್ಕರ್ ಪ್ರಶಸ್ತಿ ಸಂದಿತು.

ಉತ್ತರ (ಕದ್ರಿ, ಮಂಗಳೂರು):
ಸರ್ಪಗಂಧದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಫ್ರೀಸ್ ಅವರು ಬಳಸಿದ ಮೂರು ಔಷಧಗಳಲ್ಲಿ ಒಂದಾದ ರೆಸರ್ಪಿನ್ ಆ ಬೇರಿನಿಂದಲೇ ಬಂದದ್ದು. ಕಲ್ಕತ್ತದ ಸೇನ್ ಮತ್ತು ಬೋಸ್ 1931ರಲ್ಲೇ ಬೇರಿನ ಗುಣವನ್ನು ವರದಿ ಮಾಡಿದ್ದರು. ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ 50 ರೋಗಿಗಳ ಮೇಲಿನ ಪ್ರಯೋಗವನ್ನು ಬ್ರಿಟನ್ನಿನ ಹೃದಯವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಇತ್ತ ತಿರುಗಿತು. ಅವರಿಗೂ 1957ರಲ್ಲಿ ಲಾಸ್ಕರ್ ಪ್ರಶಸ್ತಿ ಬಂದಿತ್ತು. ನಮ್ಮಲ್ಲಿ ಅವರ ಹೆಸರನ್ನು ನೆನೆಯುವವರು ಇಷ್ಟು ಕಡಿಮೆ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ಹಾಗೆಂದು ಬೇರನ್ನು ಮನೆಯಲ್ಲೇ ಅರೆದು ಕುಡಿಯಬಾರದು. ಔಷಧಾಂಶ ಗಿಡದಿಂದ ಗಿಡಕ್ಕೆ ಬೇರೆಯಾಗುತ್ತದೆ, ಪ್ರಮಾಣ ಮೀರಿದರೆ ಖಿನ್ನತೆಯಂತಹ ತೊಂದರೆಗಳೂ ಬರಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದ. ಆದರೆ ಫ್ರೀಸ್ ಅವರ ಅಧ್ಯಯನದಲ್ಲಿ ಇದ್ದವರೆಲ್ಲ ಪುರುಷರೇ. ಅಮ್ಮನಿಗೂ ಬಿಪಿ ಇದೆ, ಅವರಿಗೆ ಇದು ಅನ್ವಯಿಸುತ್ತದೆಯೇ?

ಉತ್ತರ (ನಿವೃತ್ತ ಔಷಧಶಾಸ್ತ್ರ ಅಧ್ಯಾಪಕ, ಮಣಿಪಾಲ):
ಸರಿಯಾದ ಆಕ್ಷೇಪ. ಇನ್ನೊಂದು ಕೊರತೆಯೂ ಅದರಲ್ಲಿತ್ತು: ನಿಮ್ಮ ತಂದೆಯವರಂತೆ ಕೆಳಗಿನ ಒತ್ತಡ 90ರಿಂದ 104ರ ನಡುವೆ ಇದ್ದವರಲ್ಲಿ ಲಾಭ ಅಷ್ಟು ಸ್ಪಷ್ಟವಾಗಿರಲಿಲ್ಲ. ಮಹಿಳೆಯರೂ ಸೇರಿದಂತೆ 10,940 ಜನರನ್ನು ಒಳಗೊಂಡು 1979ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ಅಧ್ಯಯನ ಇವೆರಡನ್ನೂ ಬಹುಮಟ್ಟಿಗೆ ತುಂಬಿಕೊಟ್ಟಿತು. ಅದರಲ್ಲಿ ಹಂತಹಂತವಾಗಿ ಕ್ರಮಬದ್ಧ ಚಿಕಿತ್ಸೆ ಪಡೆದವರನ್ನು ತಮ್ಮ ಎಂದಿನ ವೈದ್ಯರಲ್ಲಿಗೆ ಹೋದವರೊಂದಿಗೆ ಹೋಲಿಸಿದಾಗ, 90ರಿಂದ 104ರ ಗುಂಪಿನಲ್ಲೇ ಐದು ವರ್ಷಗಳ ಸಾವಿನ ಪ್ರಮಾಣ ಶೇ. 20ರಷ್ಟು ಕಡಿಮೆಯಿತ್ತು.

ಮಾತ್ರೆಗಳ ಉಪಯೋಗವನ್ನು ತೋರಿಸಿದ ಫ್ರೀಸ್ ಅವರೇ 1976ರಲ್ಲಿ ಉಪ್ಪನ್ನು ಕಡಿಮೆ ಮಾಡಿ ಈ ಕಾಯಿಲೆಯನ್ನು ತಡೆಯಬಹುದೆಂದು ಬರೆದರು. ಆದುದರಿಂದ ತಂದೆತಾಯಿಯರ ಮಾತ್ರೆಯನ್ನು ವೈದ್ಯರ ಸಲಹೆಯಂತೆಯೇ ಮುಂದುವರಿಸಿ, ಜೊತೆಗೆ ಗಂಜಿಯ ಬದಿಗೆ ಬಡಿಸುವ ಉಪ್ಪಿನಕಾಯಿ ಮತ್ತು ಒಣಮೀನನ್ನು ಇಂದಿನಿಂದಲೇ ಕಡಿಮೆ ಮಾಡಿಸಿ.